ಪಹಣಿಯಲ್ಲಿ ಕಾಣದ ಕೈಗಳು
(ವಿದ್ಯಾರ್ಥಿ ನಿಲಯವೊಂದರಲ್ಲಿ ಆಡಿದ ಮಾತು)

ಪದ್ಯ ಓದ್ತಾನೆ ಅಂತ ಕಾಯ್ತಾ ಇದೀರಿ. ಪದ್ಯ ಇವತ್ತು ಬೇಡ, ಕಂದಾಯದ ಮಾತು ಆಡೋಣ. ಅದು ಜಮೀನಿದ್ದೋರ ತಾಪತ್ರಯ, ನಮಗ್ಯಾಕೆ ಅನ್ನಬೇಡಿ. ಭೂಮಿ ಯಾವುದು, ಬೇಸಾಯ ಯಾವುದು, ಬೆಳೆ ಯಾವುದು, ಬೇಸಾಯಗಾರ ಯಾರು ಅನ್ನೋದನ್ನ ತೀರ್ಮಾನ ಮಾಡೋದು ನೇಗಿಲಲ್ಲ, ಕಾಯ್ದೆಯ ಪುಸ್ತಕ. ಅದನ್ನ ಓದೋಕೆ ಬರೋ ಮೊದಲ ತಲೆಮಾರು ನಮ್ಮ ಎಷ್ಟೋ ಮನೆಗಳಲ್ಲಿ ನಾವೇ.

ಮೊದಲು ಭೂಮಿ. ಸರ್ಕಾರ ನೆಲವನ್ನು ಖುಷ್ಕಿ, ತರಿ, ಬಾಗಾಯ್ತು, ಪ್ಲಾಂಟೇಷನ್ ಅಂತ ವಿಂಗಡಿಸಿ ಕಂದಾಯ ಕಟ್ಟುತ್ತೆ. ಮಳೆ ನಂಬಿದ್ದು ಖುಷ್ಕಿ, ನೀರು ಹಾಯೋದು ತರಿ, ತೋಟ ಬಾಗಾಯ್ತು. ಹಿಡುವಳಿಯೊಳಗೆ ಕಂದಾಯ ಕಟ್ಟದೆ ಬಿಟ್ಟ ತುಂಡಿಗೆ ಖರಾಬು ಅಂತ ಹೆಸರು. 1966ರ ಭೂಕಂದಾಯ ನಿಯಮಗಳಲ್ಲಿ ಖರಾಬು ಎರಡು ಬಗೆ. ಸರ್ವೆ ಕಾಲದಲ್ಲಿ ಬೇಸಾಯಕ್ಕೆ ಲಾಯಕ್ಕಿಲ್ಲ ಅಂತ ಬರೆದದ್ದು ‘ಅ’ ಖರಾಬು. ರಸ್ತೆ, ಕಾಲುದಾರಿ, ಕೆರೆ, ಹಳ್ಳ, ಸುಡುಗಾಡು ‘ಬ’ ಖರಾಬು. ತಮಾಷೆ ನೋಡಿ: ರಾಗಿ ತುಳಿಸಿ, ತೂರಿ, ರಾಶಿ ಮಾಡೋ ಕಣವೂ ‘ಅ’ ಖರಾಬಿನ ಲೆಕ್ಕಕ್ಕೇ ಸೇರುತ್ತೆ. ಲಾಯಕ್ಕು ಅನ್ನೋದು ಮಣ್ಣಿನ ಗುಣ ಮಾತ್ರ ಅಲ್ಲ, ಬರೆಯೋನ ಲೆಕ್ಕವೂ ಹೌದು.

ಇನ್ನು ಬೇಸಾಯ. 1957ರಲ್ಲಿ ಬಂಗಾಳದ ಜಮೀನ್ದಾರನೊಬ್ಬನ ಸಾಲದ ಮರದ ಕಾಡಿನ ಆದಾಯಕ್ಕೆ ತೆರಿಗೆ ಹಾಕಬಹುದೇ ಅನ್ನೋ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಕೋರ್ಟು ಹೇಳಿದ್ದರ ಸಾರ ಇಷ್ಟು: ಉಳುವುದು, ಬಿತ್ತುವುದು, ನೆಡುವುದು ಇವೇ ಬೇಸಾಯದ ಬುಡ. ಮನುಷ್ಯನ ದುಡಿಮೆ ನೆಲದ ಮೇಲೇ ಬೀಳಬೇಕು. ಹಾಗೆ ಬೆಳೆದದ್ದು ಉಣ್ಣೋ ಕಾಳೇ ಆಗಬೇಕಿಲ್ಲ, ಹತ್ತಿಯೋ ಹೊಗೆಸೊಪ್ಪೋ ಮರವೋ ಆದರೂ ಬೆಳೆಯೇ. ಆದರೆ ತಾನಾಗಿ ಬೆಳೆದ ಕಾಡನ್ನ ಕಾವಲು ಕಾಯ್ದು ಕಡಿದು ಮಾರಿದರೆ ಅದು ಬೇಸಾಯ ಅಲ್ಲ. ನೆಲದ ನಂಟಿದೆ ಅಂದಮಾತ್ರಕ್ಕೆ ಹಾಲು, ಕೋಳಿ ಸಾಕಣೆ ಕೂಡ ಬೇಸಾಯ ಅಲ್ಲ.

ಅದೇ ಹಾಲು, ಅದೇ ಕೋಳಿ ನಮ್ಮ 1961ರ ಭೂಸುಧಾರಣಾ ಕಾಯ್ದೆಯಲ್ಲಿ ಬೇಸಾಯ! ಬರೀ ಮರ ಕಡಿಯೋದು ಮಾತ್ರ ಅಲ್ಲ. ಎಮ್ಮೆ ಒಂದೇ, ಅದು ಯಾವ ಕಾಯ್ದೆಯ ಕೊಟ್ಟಿಗೆಯಲ್ಲಿ ನಿಂತಿದೆ ಅನ್ನೋದರ ಮೇಲೆ ಅದರ ಹಾಲಿನ ಜಾತಿ ಬದಲಾಗುತ್ತೆ. ಟೀ ಸೊಪ್ಪಿನ ಕಥೆಯೂ ಇಂಥದ್ದೇ. ಬೆಳೆದೋನೇ ಫ್ಯಾಕ್ಟರಿಯಲ್ಲಿ ಪುಡಿ ಮಾಡಿ ಮಾರಿದರೆ, ಬಂದ ಆದಾಯದಲ್ಲಿ ನೂರಕ್ಕೆ 60 ಬೇಸಾಯದ್ದು, 40 ವ್ಯಾಪಾರದ್ದು ಅಂತ 1962ರ ಆದಾಯ ತೆರಿಗೆ ನಿಯಮಗಳು ಪಾಲು ಮಾಡಿದವು.

ದುಡಿಮೆ ನೆಲಕ್ಕೆ ಬಿದ್ದರೆ ಬೇಸಾಯ. ಒಳ್ಳೆ ಮಾತೇ. ಆದರೆ ಯಾರ ದುಡಿಮೆ? ಆ ಪ್ರಶ್ನೆ ತೆರಿಗೆಯ ಮೊಕದ್ದಮೆಗೆ ಬೇಕಿರಲಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಬೇಸಾಯದ ನೆಲದಿಂದ ಬರೋ ಗುತ್ತಿಗೆ ಹಣವೂ ಬೇಸಾಯದ ಆದಾಯ. 2025ರಲ್ಲಿ ಹೊಸ ಕಾಯ್ದೆ ಬಂತು, ಆ ವಿನಾಯಿತಿ ಹಾಗೇ ಉಳೀತು. ಮಣ್ಣು ಮುಟ್ಟದೆ ಗುತ್ತಿಗೆ ಎಣಿಸೋನ ಹಣ ಬೇಸಾಯದ್ದು. ದಿನವಿಡೀ ಕಳೆ ಕಿತ್ತ ನಮ್ಮವ್ವನ ಹಣ? ಅದು ಕೂಲಿ.

ಗೆಳೆಯರೆ, ಈಗ ಗಟ್ಟಿಯಾಗಿ ಕೇಳಿ. ಅದೇ ಭೂಸುಧಾರಣಾ ಕಾಯ್ದೆಯಲ್ಲಿ ‘ಸ್ವತಃ ಸಾಗುವಳಿ ಮಾಡುವುದು’ ಅನ್ನೋದಕ್ಕೆ ಅರ್ಥ ಕೊಟ್ಟಿದೆ. ತಾನೇ ದುಡಿಯೋದು ಸ್ವತಃ ಸಾಗುವಳಿ. ಮನೆಯೋರು ದುಡಿಯೋದು ಸ್ವತಃ ಸಾಗುವಳಿ. ತಾನೋ ಮನೆಯೋರೋ ನಿಂತು ನೋಡಿಕೊಂಡು, ಹಣವನ್ನೋ ಕಾಳನ್ನೋ ಕೂಲಿಯಾಗಿ ಕೊಟ್ಟು ಆಳುಗಳ ಕೈಲಿ ಮಾಡಿಸೋದೂ ಸ್ವತಃ ಸಾಗುವಳಿ! ಬೆಳೆಯಲ್ಲಿ ಪಾಲು ಮಾತ್ರ ಕೊಡಕೂಡದು. ಅಂದರೆ ನಮ್ಮಪ್ಪನ ಕೈ ಕಾಗದದ ಮೇಲೆ ಧಣಿಯ ಕೈ. 1974ರ ಮಾರ್ಚ್ 1ರಂದು ಗೇಣಿ ಜಮೀನು ಸರ್ಕಾರಕ್ಕೆ ಸೇರಿತು, ಗೇಣಿದಾರ ಅರ್ಜಿ ಹಾಕಿ ಒಡೆಯನಾಗಬಹುದಾಯಿತು. ದೊಡ್ಡ ಕೆಲಸವೇ, ಇಲ್ಲ ಅನ್ನೋಲ್ಲ. ಆದರೆ ಅದೇ ಜಮೀನಲ್ಲಿ ಹುಟ್ಟಿದಾಗಿನಿಂದ ಜೀತ ಮಾಡಿದೋನು ಗೇಣಿದಾರ ಅಲ್ಲ. ‘ಉಳುವವನೇ ಹೊಲದೊಡೆಯ’ ಅಂತ ಊರೆಲ್ಲ ಕೂಗಿತು. ಉಳುವವ ಅಂದರೆ ಯಾರು ಅಂತ ಕಾಯ್ದೆ ಮೊದಲೇ ಬರೆದಿಟ್ಟಿತ್ತು.

ಸರ್ಕಾರಿ ನೆಲ ಹಸನು ಮಾಡಿ ಉತ್ತೋರ ಕಥೆ ಏನು? ಅದಕ್ಕೆ ‘ಅನಧಿಕೃತ’ ಅಂತ ಹೆಸರು. 1964ರ ಭೂಕಂದಾಯ ಕಾಯ್ದೆಯ 94ನೇ ಸೆಕ್ಷನ್ನಿನಲ್ಲಿ ಅಂಥೋರು ಕಂದಾಯವನ್ನೂ ಕಟ್ಟಬೇಕು, ದಂಡವನ್ನೂ ಕಟ್ಟಬೇಕು. ಕಂದಾಯ ಇಸಕೊಳ್ಳೋಕೆ ಅದು ಬೇಸಾಯ, ಹಕ್ಕು ಕೇಳಿದರೆ ಒತ್ತುವರಿ. ಆಮೇಲೆ 94-ಎ ಸೆಕ್ಷನ್ ಬಂತು. 1990ರ ಏಪ್ರಿಲ್ 14ಕ್ಕೆ ಮೊದಲಿಂದ ಉಳುತ್ತಿದ್ದೋರು ಸಕ್ರಮಕ್ಕೆ ಅರ್ಜಿ ಹಾಕಬಹುದು ಅಂತು. ಬಾಬಾಸಾಹೇಬರ ಹುಟ್ಟುಹಬ್ಬದ ದಿನವೇ ಗಡುವು! ಮುಂದೆ ನಮೂನೆ 50, 53, 57 ಅಂತ ಅರ್ಜಿಗಳು ಬಂದವು. ಉತ್ತಿದ್ದಕ್ಕೆ ಸಾಕ್ಷಿ ತನ್ನಿ ಅಂದಾಗ ಎಷ್ಟೋ ಕೇರಿಗಳು ಬರೀ ಅಂಗೈ ತೋರಿಸಿದವು. ಅಂಗೈ ಗೆರೆಯನ್ನ ಯಾವ ಕಚೇರಿಯೂ ಓದೋಲ್ಲ. ಆದರೆ ದಂಡ ಕಟ್ಟಿದ ಹಳೇ ರಸೀದಿ ಓದುತ್ತೆ. ಅಜ್ಜಿಯ ಪೆಟ್ಟಿಗೆ ತಳದಲ್ಲಿ ಅಂಥ ಚೀಟಿ ಇದ್ದರೆ ಅದು ಅವಮಾನದ ಚೀಟಿ ಅಲ್ಲ, ಸಾಕ್ಷಿ. ಜೋಪಾನ ಮಾಡಿ.

ಪಹಣಿಯಲ್ಲಿ ಬರೆದದ್ದು ಸುಳ್ಳು ಅಂತ ರುಜುವಾಗೋ ತನಕ ನಿಜ ಅನ್ನುತ್ತೆ ಕಾಯ್ದೆ. ರುಜು ಮಾಡೋ ಹೊರೆ ಪಹಣಿಯಲ್ಲಿ ಹೆಸರಿಲ್ಲದೋನ ತಲೆ ಮೇಲೆ. ಹಂಗಾಗಿ ಈ ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ನಿಮ್ಮೋರು ಉಳೋ ನೆಲದ ಸರ್ವೆ ನಂಬರು ಕೇಳಿ, ಪಹಣಿ ತೆಗೆಸಿ. ಖರಾಬು ಎಷ್ಟು ಅಂತ 3ನೇ ಕಲಂ ನೋಡಿ. 9ರಲ್ಲಿ ಸ್ವಾಧೀನದಾರ ಯಾರು? 12ರಲ್ಲಿ ಸಾಗುವಳಿದಾರ ಯಾರು, ಬೆಳೆ ಏನು? ಹೊಲದಲ್ಲಿ ಕಂಡದ್ದೂ ಅಲ್ಲಿ ಬರೆದದ್ದೂ ಒಂದೇನಾ? ಸುಡುಗಾಡಿಗೆ ಹೋಗೋ ದಾರಿ ‘ಬ’ ಖರಾಬಿನಲ್ಲಿ ಇದೆಯಾ, ಇಲ್ಲಾ ಯಾರದೋ ಬೇಲಿಯೊಳಗೆ ಹೋಗಿದೆಯಾ? ಅವ್ವ ಅಪ್ಪನನ್ನ ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿ ಹೇಳಿ. ವ್ಯತ್ಯಾಸ ಕಂಡರೆ ಬರಕೊಂಡು ಬನ್ನಿ. ಮುಂದಿನ ಸಭೆಯಲ್ಲಿ ಒಂದೊಂದೇ ಅರ್ಜಿ ಕೂತು ಬರೆಯೋಣ.