ವಿಮಾನ ದುರಸ್ತಿಯ ವಿದ್ಯೆ
(ಪಿಯುಸಿ ವಿದ್ಯಾರ್ಥಿಗಳ ಮಾರ್ಗದರ್ಶನ ಶಿಬಿರದಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಕಲಿಸುವವರಿಗೆ ವಿಮಾನದ ಉಸಾಬರಿ ಯಾಕೆ ಎಂದು ಕೆಲವರಿಗೆ ಅನಿಸಬಹುದು. ವಿಮಾನ ದುರಸ್ತಿಯಲ್ಲಿ ಅರ್ಧ ಕೈಕೆಲಸವಾದರೆ ಇನ್ನರ್ಧ ಓದುವ ಕೆಲಸ. ಅದಕ್ಕೇ ಮಾತನಾಡುತ್ತಿದ್ದೇನೆ.

1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮ್‌ನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನವೊಂದರ ಕಾಕ್‌ಪಿಟ್ಟಿನ ಮುಂದಿನ ಗಾಜು ಆಕಾಶದಲ್ಲೇ ಕಿತ್ತುಹೋಯಿತು. ಕ್ಯಾಪ್ಟನ್ನರ ಅರ್ಧ ದೇಹ ಹೊರಕ್ಕೆ ಎಳೆದುಹೋಯಿತು. ಸಿಬ್ಬಂದಿ ಅವರ ಕಾಲುಗಳನ್ನು ಹಿಡಿದುಕೊಂಡಿರುವಾಗಲೇ ಸಹಪೈಲಟ್ ವಿಮಾನ ಇಳಿಸಿದರು. ದೇವರ ದಯೆ, ಎಲ್ಲರೂ ಬದುಕಿದರು. ಆ ಗಾಜು ಆಗಷ್ಟೇ ಹೊಸದಾಗಿ ಕೂರಿಸಿದ್ದು. 90 ಬೋಲ್ಟುಗಳಲ್ಲಿ 84 ನಿಗದಿತ ಅಳತೆಗಿಂತ ಸಣ್ಣವಿದ್ದವು. ಬಿಡಿಭಾಗಗಳ ಪುಸ್ತಕ ತೆರೆದು ನೋಡದೆ, ಹಳೆಯ ಬೋಲ್ಟಿಗೆ ಹೋಲಿಸಿ ಕಣ್ಣಳತೆಯಲ್ಲಿ ಆರಿಸಿದ್ದರು.

ಪುಸ್ತಕ ಇಂಗ್ಲಿಷಿನಲ್ಲಿದೆ ಎಂದರೆ ನಮ್ಮ ಮಾಧ್ಯಮದ ಮಕ್ಕಳು ಹಿಂದೆ ಸರಿಯುತ್ತಾರೆ. ಹೆದರಬೇಡಿ. ವಿಮಾನದ ಕೈಪಿಡಿಗಳಿಗೆಂದೇ ‘ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್’ ಎಂಬ ಸರಳ ಭಾಷೆಯನ್ನು ರೂಪಿಸಿದ್ದಾರೆ. ಕೆಲಸ ಹೇಳುವ ವಾಕ್ಯ 20 ಪದ ಮೀರುವಂತಿಲ್ಲ. ಒಂದು ಪದಕ್ಕೆ ಒಂದೇ ಅರ್ಥ. ಅಲ್ಲಿ ‘ಫಾಲೋ’ ಎಂದರೆ ನಂತರ ಬರುವುದು ಎಂದಷ್ಟೇ. ಸೂಚನೆ ಪಾಲಿಸಿ ಎನ್ನಲು ‘ಒಬೇ’ ಎನ್ನಬೇಕು. ಗಜಲಿನಲ್ಲಿ ಒಂದು ಶಬ್ದಕ್ಕೆ ಎರಡರ್ಥ ಹೊಳೆದರೆ ನಾವು ವಾಹ್ ಎನ್ನುತ್ತೇವೆ. ಹ್ಯಾಂಗರಿನಲ್ಲಿ ಅದು ಜೀವಕ್ಕೇ ಅಪಾಯ!

ಈ ಕೆಲಸಕ್ಕೆ ಬಿ.ಇ. ಬೇಕಿಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಸೇರಬಹುದು, ಹೆಣ್ಣುಮಕ್ಕಳೂ ಸಹ. ಎಂಜಿನ್, ಯಂತ್ರಭಾಗದ ಕಡೆ ಒಲವಿದ್ದರೆ ಬಿ-1, ಎಲೆಕ್ಟ್ರಾನಿಕ್ಸ್ ಕಡೆಯಾದರೆ ಬಿ-2. ಆದರೆ ತರಬೇತಿ ಸಂಸ್ಥೆಯ ಸರ್ಟಿಫಿಕೇಟ್ ಬೇರೆ, ಲೈಸೆನ್ಸ್ ಬೇರೆ. ಇದನ್ನು ತಿಳಿಯದೆ ಎಷ್ಟೋ ಮನೆಗಳವರು ಒಡವೆ ಅಡವಿಟ್ಟು ಫೀ ಕಟ್ಟುತ್ತಾರೆ. ಲೈಸೆನ್ಸ್ ಕೊಡುವುದು ಕೇಂದ್ರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಅದರ ಪ್ರತಿ ಪರೀಕ್ಷೆಯಲ್ಲೂ ನೂರಕ್ಕೆ 75 ಅಂಕ ಬೇಕು, 35 ಸಾಲದು. ಜೊತೆಗೆ ಹಾರಾಟದಲ್ಲಿರುವ ವಿಮಾನಗಳ ಮೇಲೆ ಕೆಲಸ ಮಾಡಿದ ಅನುಭವವೂ ಬೇಕು. ದೊಡ್ಡ ವಿಮಾನಗಳಿಗೆ ಆಯಾ ಮಾದರಿಯ ತರಬೇತಿ ಪ್ರತ್ಯೇಕ. ವರ್ಷಗಳೇ ಹಿಡಿಯುತ್ತವೆ, ಮನೆಯಲ್ಲಿ ಬೇಗ ಸಂಬಳ ಬೇಕೆನ್ನುವವರು ಇದನ್ನು ಯೋಚಿಸಿಯೇ ಹೆಜ್ಜೆಯಿಡಲಿ.

ಪಾಲಕರೆ, ಹಣ ಕಟ್ಟುವ ಮೊದಲು ಮೂರು ಮಾತು ಕೇಳಿರಿ: ಸಿಎಆರ್-147 ಮಾನ್ಯತೆ ಇದೆಯೆ, ಯಾವ ವಿಭಾಗಕ್ಕಿದೆ, ಪ್ರಾಯೋಗಿಕ ತರಬೇತಿ ಎಲ್ಲಿ? ಮಾನ್ಯತೆ ಪಡೆದವರ ಪಟ್ಟಿ ಡಿಜಿಸಿಎ ವೆಬ್‌ಸೈಟಿನಲ್ಲಿದೆ. ನೋಡಲು ತಿಳಿಯದಿದ್ದರೆ ಶಾಲೆಗೆ ಬನ್ನಿ, ಜೊತೆಗೆ ಕೂತು ನೋಡೋಣ.