ಯಂತ್ರ ನಿಂತ ದಿನಗಳ ಕೆಲಸ

(ಪುಲ್ಪಳ್ಳಿಯ ತೋಟ ಕೆಲಸಗಾರರ ಕೂಟದಲ್ಲಿ ಆಡಿದ ಮಾತು)



ಕೈಗಾದ ಅಣುವಿದ್ಯುತ್ತಿನಲ್ಲಿ ನಮ್ಮ ಕೇರಳಕ್ಕೂ ಪಾಲುಂಟು. ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲ್ಲೂಕಿನಲ್ಲಿ, ಕಡಲಿಗೆ ಹರಿಯುವ ಕಾಳಿ ನದಿಯ ದಡದಲ್ಲಿ ಅದು ಇದೆ. ಅಲ್ಲಿನ ಒಂದನೆಯ ಘಟಕ 2018ರ ಡಿಸೆಂಬರ್ 31ರವರೆಗೆ ಎಡೆಬಿಡದೆ 962 ದಿನ ಓಡಿ ಲೋಕದಾಖಲೆ ಮಾಡಿತು. ಸಂತೋಷದ ಸಂಗತಿಯೇ. ಆದರೆ ಕೂಲಿಯಿಂದ ಬದುಕುವ ನಾವು ಅದು ಓಡದಿದ್ದ ದಿನಗಳನ್ನೂ ತಿಳಿದಿರಬೇಕು. ಓಡುವಾಗ ಒಳಕೋಣೆಯ ಬಾಗಿಲು ಮುಚ್ಚಿರುತ್ತದೆ; ನಿಂತಾಗ ಕೆಲಸಗಾರರು ಒಳಗೆ ಹೋಗುತ್ತಾರೆ.

ಈ ಘಟಕವನ್ನು ಕಟ್ಟುತ್ತಿದ್ದಾಗ, 1994ರ ಮೇ 13ರಂದು, ಒಳಗುಮ್ಮಟದಿಂದ ಸುಮಾರು 130 ಟನ್ ಕಾಂಕ್ರೀಟು ಕಳಚಿ ಬಿತ್ತು. 14 ಮಂದಿ ಕೆಲಸಗಾರರು ಗಾಯಗೊಂಡರು. ಅಣು ಇಂಧನವನ್ನು ಆಗ ಇನ್ನೂ ತುಂಬಿರಲಿಲ್ಲ. ಗುಮ್ಮಟದ ವಿನ್ಯಾಸ ಬದಲಿಸಿ ಮತ್ತೆ ಕಟ್ಟಿ, ಘಟಕ ವಿದ್ಯುತ್ತು ಕೊಡುವಾಗ 2000ನೇ ಇಸವಿಯಾಗಿತ್ತು.

2009ರಲ್ಲಿ ಅದೇ ಘಟಕವನ್ನು ದುರಸ್ತಿಗೆ ನಿಲ್ಲಿಸಿದ್ದರು. ನವೆಂಬರಿನಲ್ಲಿ 50ಕ್ಕೂ ಹೆಚ್ಚು ಕೆಲಸಗಾರರ ಮೂತ್ರದಲ್ಲಿ ಟ್ರಿಟಿಯಂ ಎಂಬ ವಿಕಿರಣ ವಸ್ತು ಹೆಚ್ಚಾಗಿ ಕಂಡಿತು. ಕುಡಿಯುವ ನೀರಿನ ಕೂಲರಿಗೆ ಯಾರೋ ಬೇಕೆಂದೇ ಸ್ಥಾವರದ ಭಾರಜಲ ಬೆರೆಸಿದ್ದಾರೆಂದು ಅಧಿಕಾರಿಗಳು ಹೇಳಿದರು. ಟ್ರಿಟಿಯಂ ಬೆರೆತ ನೀರಿಗೆ ಬೇರೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಬಾಯಾರಿ ಬಂದವನಿಗೆ ಅದು ಬರೀ ನೀರು. ತಪ್ಪದೆ ನಡೆಯುತ್ತಿದ್ದ ಮೂತ್ರ ಪರೀಕ್ಷೆಯಿಂದ ಮಾತ್ರ ವಿಷಯ ಹೊರಬಿತ್ತು.

ಇದನ್ನೇ ನಾವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಅಣುಸ್ಥಾವರದ ಕೆಲಸಗಾರನ ಮೈಗೆ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್‌ಗಿಂತ ಹೆಚ್ಚು ವಿಕಿರಣ ತಗಲಬಾರದೆಂದು ನಮ್ಮ ದೇಶದ ನಿಯಮವಿದೆ. ಅಳತೆ ಇದ್ದರೆ ತಾನೇ ನಿಯಮಕ್ಕೆ ಬೆಲೆ? ಲೆಕ್ಕ ಬರೆದಿಟ್ಟರೆ ತಾನೇ ನಾಳೆ ಕಾಯಿಲೆ ಬಂದಾಗ ಕೇಳಲು ಆಧಾರ?

ತೋಟದಲ್ಲಿ ಔಷಧಿ ಹೊಡೆಯುವ ನಮಗೂ ಇದು ದೂರದ ಮಾತಲ್ಲ. ಡ್ರಮ್ಮಿನಲ್ಲಿ ಕಲಸಿದ್ದು ಏನೆಂದು ಹೆಸರು ಕೇಳೋಣ. ಕೈಗವಸು, ಮುಖಕ್ಕೆ ಕಟ್ಟುವ ಬಟ್ಟೆ ಕೇಳೋಣ. ಕುಡಿಯುವ ನೀರನ್ನು ಬೇರೆ ಇಡಿಸೋಣ. ವೈದ್ಯರು ಪರೀಕ್ಷೆ ಮಾಡಿದರೆ ಚೀಟಿ ನಮ್ಮ ಕೈಗೆ ಬರಲಿ. ಹೊರಗುತ್ತಿಗೆಗೆ ಹೋಗುವ ನಮ್ಮ ಮಕ್ಕಳಿಗೂ ಇದನ್ನೇ ಕಲಿಸೋಣ: ಕೂಲಿ ಎಷ್ಟೆಂದು ಕೇಳುವ ಬಾಯಿ, ಅಪಾಯ ಏನೆಂದೂ ಕೇಳಲಿ. ಒಬ್ಬರೇ ಕೇಳಲು ಅಂಜಿಕೆಯಾದರೆ ಎಲ್ಲರೂ ಕೂಡಿ ಕೇಳೋಣ.