ಅಮೇರಿಕೆಯ ಸುಧಾರಕರೂ ಬಾಲಕರ ದುಡಿಮೆಯೂ



ದಯೆಯು ಎರಡು ಬಗೆಯದು. ಎದುರಿಗೆ ನಿಂತ ಹಸಿವನ್ನು ಕಂಡು ಅನ್ನವನ್ನಿಕ್ಕುವುದು ಒಂದು. ಆ ಹಸಿವು ಎಲ್ಲಿಂದ ಬಂದಿತೆಂದು ವಿಚಾರಿಸಿ ಅದರ ಮೂಲವನ್ನೇ ಕೀಳಲು ಹೆಣಗುವುದು ಇನ್ನೊಂದು. ಎರಡನೆಯದು ಕಷ್ಟಸಾಧ್ಯವಾದುದು, ಒಂದು ಜನ್ಮವೆಲ್ಲ ಸವೆದರೂ ಅದರ ಫಲವು ಕಣ್ಣಿಗೆ ಬೀಳದಿರಬಹುದು. ಪ್ರಗತಿಯುಗವೆಂದು ಹೆಸರಾದ ಕಾಲದಲ್ಲಿ ಅಮೇರಿಕಾ ದೇಶದ ಕೆಲವು ಮಹನೀಯರು ಮಕ್ಕಳ ವಿಷಯದಲ್ಲಿ ಈ ಎರಡನೆಯ ದಯೆಯನ್ನು ನಡೆಸಿ ತೋರಿಸಿದರು. ಆ ವೃತ್ತಾಂತವು ಎಲ್ಲರೂ ಕೇಳತಕ್ಕುದಾಗಿದೆ.

1889ರಲ್ಲಿ ಜೇನ್ ಆಡಮ್ಸ್, ಎಲೆನ್ ಗೇಟ್ಸ್ ಸ್ಟಾರ್ ಎಂಬ ಇಬ್ಬರು ವಿದ್ಯಾವತಿಯರು ಶಿಕಾಗೋ ನಗರದ ಬಡವರ ಕೇರಿಯಲ್ಲಿ ಹಲ್ ಹೌಸ್ ಎಂಬ ಮನೆಯನ್ನು ಹಿಡಿದು ನೆಲೆಸಿದರು. ಹೊಟ್ಟೆಪಾಡಿಗಾಗಿ ಪರದೇಶಗಳಿಂದ ಬಂದ ಕೂಲಿಕಾರರೇ ಅಲ್ಲಿಯ ನೆರೆಹೊರೆಯವರು. ದೂರದಲ್ಲಿದ್ದು ದಾನಮಾಡುವುದಕ್ಕಿಂತ ಅವರ ನಡುವೆ ಬಾಳಿ ಅವರ ಸುಖದುಃಖಗಳನ್ನರಿಯುವುದೇ ಮೇಲೆಂದು ಇವರು ಬಗೆದಿದ್ದರು. ಮೊದಲನೆಯ ಕ್ರಿಸ್ತಜಯಂತಿಯಂದು ನೆರೆಯ ಮಕ್ಕಳಿಗೆ ಮಿಠಾಯಿಯನ್ನು ಹಂಚುತ್ತಿರಲು, ಕೆಲವು ಚಿಕ್ಕ ಹುಡುಗಿಯರು ಅದನ್ನು ಮುಟ್ಟಲೊಲ್ಲದೆ ಹಿಂದೆ ಸರಿದರು. ತಾವು ಮಿಠಾಯಿಯ ಕಾರಖಾನೆಯಲ್ಲಿ ದುಡಿಯುವವರೆಂದೂ ಅದನ್ನು ನೋಡಲೂ ಸಹಿಸಲಾರೆವೆಂದೂ ಹೇಳಿದರು. ವಿಚಾರಿಸಲಾಗಿ, ಆರು ವಾರಗಳ ಕಾಲ ಬೆಳಗಿನ 7 ಗಂಟೆಯಿಂದ ರಾತ್ರಿ 9 ಗಂಟೆಯವರೆಗೆ ಅವರು ದುಡಿದಿದ್ದರೆಂದು ತಿಳಿಯಬಂದಿತು.

ಇದು ಒಂದು ಕೇರಿಯ ಮಾತಾಗಿರಲಿಲ್ಲ. 1900ರ ಖಾನೇಸುಮಾರಿಯಂತೆ ಆ ದೇಶದಲ್ಲಿ 10ರಿಂದ 15 ವರ್ಷದೊಳಗಿನ ಸುಮಾರು ಹದಿನೇಳೂವರೆ ಲಕ್ಷ ಮಕ್ಕಳು ದುಡಿಮೆಯಲ್ಲಿ ತೊಡಗಿದ್ದರು. ಪೆನ್ಸಿಲ್ವೇನಿಯದ ಗಣಿಗಳ ಬಳಿ ಬಾಲಕರು ಕರಿಯ ಧೂಳಿನಲ್ಲಿ ಬಗ್ಗಿ ಕುಳಿತು ಇದ್ದಲಿನೊಳಗಿನ ಕಲ್ಲುಗಳನ್ನು ಬರಿಗೈಯಿಂದ ಆಯುತ್ತಿದ್ದರು. ದಕ್ಷಿಣದ ಹತ್ತಿಯ ಗಿರಣಿಗಳಲ್ಲಿ ನೂಲು ತುಂಬಿದ ಕಂಡಿಕೆಗಳನ್ನು ತೆಗೆದು ಬರಿದಾದವನ್ನು ಇಡುವ ಕೆಲಸವು ಎಳೆಯ ಕೈಗಳದಾಗಿತ್ತು. ಯಂತ್ರವು ಬಂದ ಮೇಲೆ ತೋಳ್ಬಲವು ಬೇಕಿರಲಿಲ್ಲ. ಮಕ್ಕಳ ಕೂಲಿಯಾದರೋ ಅಗ್ಗ. ತಂದೆಯ ಸಂಬಳದಿಂದ ಮನೆಯು ಸಾಗದಿರಲು ತಾಯಿತಂದೆಗಳೇ ಮಕ್ಕಳನ್ನು ಗಿರಣಿಗೆ ಕಳುಹಿಸುತ್ತಿದ್ದರು.

1891ರಲ್ಲಿ ಹಲ್ ಹೌಸಿಗೆ ಬಂದು ಸೇರಿದ ಫ್ಲಾರೆನ್ಸ್ ಕೆಲ್ಲಿಯವರು ಮನೆಮನೆಯನ್ನೂ ಹೊಕ್ಕು ಈ ಸಂಗತಿಗಳನ್ನು ಲೆಕ್ಕಹಾಕಿದರು. ಇದರ ಫಲವಾಗಿ 1893ರಲ್ಲಿ ಇಲಿನಾಯ್ ಸಂಸ್ಥಾನವು 14 ವರ್ಷದೊಳಗಿನವರನ್ನು ಕಾರಖಾನೆಯ ಕೆಲಸಕ್ಕೆ ಹಚ್ಚಕೂಡದೆಂದು ಶಾಸನ ಮಾಡಿ, ಅದನ್ನು ಜಾರಿಗೊಳಿಸಲು ಅವರನ್ನೇ ಮುಖ್ಯ ತಪಾಸಣಾಧಿಕಾರಿಯನ್ನಾಗಿ ನೇಮಿಸಿತು. 1899ರಲ್ಲಿ ಅವರು ರಾಷ್ಟ್ರೀಯ ಗ್ರಾಹಕರ ಸಂಘದ ನೇತೃತ್ವವನ್ನು ವಹಿಸಿದರು. ಮಕ್ಕಳನ್ನು ದುಡಿಸದೆ, ಶಾಸನಕ್ಕೆ ತಲೆಬಾಗಿ ಸಿದ್ಧಪಡಿಸಿದ ಬಟ್ಟೆಗಳಿಗೆ ಈ ಸಂಘವು ಬಿಳಿಯ ಚೀಟಿಯ ಗುರುತನ್ನು ಕೊಡುತ್ತಿತ್ತು. ಅನ್ಯಾಯದಿಂದಾದ ಸರಕನ್ನು ಅರಿತೂ ಕೊಳ್ಳುವವನು ಆ ಅನ್ಯಾಯಕ್ಕೆ ಪಾಲುಗಾರನೆಂಬುದು ಇದರ ತಾತ್ಪರ್ಯ.

1904ರಲ್ಲಿ ರಾಷ್ಟ್ರೀಯ ಬಾಲಶ್ರಮ ಸಮಿತಿಯು ಸ್ಥಾಪಿತವಾಯಿತು. ಶಾಲೆಯ ಉಪಾಧ್ಯಾಯರಾಗಿದ್ದ ಲೂಯಿಸ್ ಹೈನ್ ಎಂಬವರು 1908ರಿಂದ ಈ ಸಮಿತಿಗಾಗಿ ಊರೂರು ಸುತ್ತಿ ಛಾಯಾಚಿತ್ರಗಳನ್ನು ತೆಗೆದರು. ಗಿರಣಿಯ ಒಡೆಯರು ಒಳಗೆ ಬಿಡದಿದ್ದಲ್ಲಿ ವೇಷಮರೆಸಿಕೊಂಡು ಹೋಗುತ್ತಿದ್ದರು. ತಮ್ಮ ಅಂಗಿಯ ಗುಂಡಿಗಳನ್ನೇ ಅಳತೆಗೋಲನ್ನಾಗಿ ಮಾಡಿಕೊಂಡು ಮಕ್ಕಳ ಎತ್ತರವನ್ನು ಗುರುತಿಸುತ್ತಿದ್ದರು. ಕಿವಿಯಿಂದ ಕೇಳಿ ನಂಬದವರು ಚಿತ್ರಗಳನ್ನು ಕಂಡು ತಲೆತಗ್ಗಿಸಬೇಕಾಯಿತು. 1912ರಲ್ಲಿ ಕೇಂದ್ರ ಸರಕಾರವು ಮಕ್ಕಳ ಹಿತಕ್ಕಾಗಿಯೇ ಒಂದು ಇಲಾಖೆಯನ್ನು ತೆರೆದು, ಹಲ್ ಹೌಸಿನವರೇ ಆದ ಜೂಲಿಯಾ ಲ್ಯಾತ್ರಪ್ ಅವರಿಗೆ ಅದರ ಆಡಳಿತವನ್ನು ವಹಿಸಿತು.

1916ರಲ್ಲಿ ಅಧ್ಯಕ್ಷ ವಿಲ್ಸನ್ನರು ಕೀಟಿಂಗ್–ಓವನ್ ಶಾಸನಕ್ಕೆ ರುಜುಮಾಡಿದರು. ಎಳೆಯ ಮಕ್ಕಳ ದುಡಿಮೆಯಿಂದಾದ ಸರಕನ್ನು ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಸಾಗಿಸಕೂಡದೆಂದು ಅದು ವಿಧಿಸಿತು. ಆದರೆ ಉತ್ತರ ಕೆರೊಲಿನದ ಷಾರ್ಲಟ್ ಊರಿನ ಡ್ಯಾಗನ್‌ಹಾರ್ಟ್ ಎಂಬ ಬಡ ಗಿರಣಿ ಕೂಲಿಕಾರನು, ತನ್ನ ಇಬ್ಬರು ಮಕ್ಕಳ ಗಳಿಕೆಯು ತಪ್ಪುವುದೆಂದು, ಗಿರಣಿಯ ಒಡೆಯರ ಬೆಂಬಲದಿಂದ ದಾವೆ ಹೂಡಿದನು. 1918ರಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರು ಶಾಸನಕ್ಕೆ ವಿರೋಧವಾಗಿಯೂ ನಾಲ್ವರು ಪರವಾಗಿಯೂ ಅಭಿಪ್ರಾಯಕೊಟ್ಟುದರಿಂದ ಅದು ಬಿದ್ದುಹೋಯಿತು. ತಂದೆಯು ಗೆದ್ದನು. ಕೆಲವು ವರ್ಷಗಳ ತರುವಾಯ ಅವನ ಮಗನಾದ ರೂಬೆನ್ನನನ್ನು ಕೇಳಿದಾಗ, ತನಗೆ ಗೆಲವಿಗಿಂತ ಓದು ದೊರೆತಿದ್ದರೆ ಲೇಸಾಗುತ್ತಿತ್ತೆಂದು ಆ ಯುವಕನು ಹಲುಬಿದನು. ಯಾರ ಹಕ್ಕಿಗಾಗಿ ವಾದ ನಡೆಯಿತೋ ಅವನೇ ಸೋತವನಾದನು.

ತರುವಾಯ ತೆರಿಗೆಯ ರೂಪದಲ್ಲಿ ಮಾಡಿದ ಶಾಸನವೂ 1922ರಲ್ಲಿ ರದ್ದಾಯಿತು. 1924ರಲ್ಲಿ ಕಾಂಗ್ರೆಸ್ ಸಭೆಯು ಒಪ್ಪಿದ ಸಂವಿಧಾನದ ತಿದ್ದುಪಡಿಗೆ ಸಾಕಷ್ಟು ಸಂಸ್ಥಾನಗಳ ಸಮ್ಮತಿಯು ದೊರೆಯಲಿಲ್ಲ. ಕಡೆಗೆ 1938ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರ ಕಾಲದ ಶಾಸನವು ಕಾರಖಾನೆ ಗಣಿಗಳಿಗೆ 16 ವರ್ಷದ ಮಿತಿಯನ್ನು ಹಾಕಿತು. 1941ರಲ್ಲಿ ಅದೇ ನ್ಯಾಯಾಲಯವು ತನ್ನ ಹಿಂದಿನ ತೀರ್ಪನ್ನು ತಳ್ಳಿಹಾಕಿ ಇದನ್ನು ಎತ್ತಿಹಿಡಿಯಿತು. ಆಗಲೂ ಹೊಲಗಳಲ್ಲಿ ದುಡಿಯುವ ಮಕ್ಕಳು ಬಹುಮಟ್ಟಿಗೆ ಶಾಸನದ ಹೊರಗೇ ಉಳಿದರೆಂಬುದನ್ನು ಮುಚ್ಚಿಡಲಾಗದು.

ಕೆಲ್ಲಿಯವರೂ ಲ್ಯಾತ್ರಪ್ ಅವರೂ 1932ರಲ್ಲಿ, ಆಡಮ್ಸ್ ಅವರು 1935ರಲ್ಲಿ ಕಾಲವಾಗಿದ್ದರು. 1938ರ ಶಾಸನವನ್ನು ಈ ಮೂವರಲ್ಲಿ ಒಬ್ಬರೂ ನೋಡಲಿಲ್ಲ. ಆದರೆ ಅವರು ಬರೆದಿಟ್ಟ ಲೆಕ್ಕಗಳೂ ಕಲೆಹಾಕಿದ ಸಾಕ್ಷ್ಯಗಳೂ ಅವರೊಡನೆ ಅಳಿಯಲಿಲ್ಲ. ತೀರ್ಪು ಶಾಸನವನ್ನು ಅಳಿಸಬಲ್ಲುದು. ಕಂಡ ಸತ್ಯವನ್ನು ಅಳಿಸಲಾರದು. ಆದುದರಿಂದ ಪರೋಪಕಾರಕ್ಕೆ ಕೈಯಿಡುವವರು ಮೊದಲು ಕಣ್ಣಾರೆ ಕಾಣಬೇಕು, ಕಂಡುದನ್ನು ತಪ್ಪಿಲ್ಲದೆ ಲೆಕ್ಕವಿಡಬೇಕು, ಸೋತೆವೆಂದು ಕೈಚೆಲ್ಲದಿರಬೇಕು. ಮಾವಿನ ಗಿಡವನ್ನು ನೆಡುವ ಮುದುಕನು ಹಣ್ಣು ತನಗೆ ಸಿಕ್ಕೀತೇ ಎಂದು ಕೇಳುವುದಿಲ್ಲ.